ಮರಳುಗಾಡಿನ ಗಾಳಿಪಟಗಳು

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಸಮಾಜ ಪಾಠದ ಉಪಾಧ್ಯಾಯರು ರಜೆಯ ಮೇಲೆ ಹೋದಾಗ ಅವರ ತರಗತಿ ನನ್ನ ಪಾಲಿಗೆ ಬಂದಿತು. ವ್ಯಾಕರಣ ಛಂದಸ್ಸುಗಳಲ್ಲಿ ಕಾಲ ಕಳೆದ ಕನ್ನಡ ಪಂಡಿತನಿಗೆ ಭೂಗೋಳವನ್ನು ಬೋಧಿಸುವುದು ಸುಲಭದ ಮಾತಲ್ಲ. ಗಂಟೆ ಸಾಗಬೇಕಲ್ಲ ಎಂದು, "ನಮ್ಮ ಶಾಲೆಯ ನಕ್ಷೆಯನ್ನು ಬರೆದು ತೋರಿಸಿರಿ" ಎಂದೆ. ಮಕ್ಕಳು ಉತ್ಸಾಹದಿಂದ ಬರೆದರು. ನೋಡಿದರೆ, ಆಟದ ಬಯಲು ಮೇಲಿನಿಂದ ಕಂಡಂತೆ ಚೌಕವಾಗಿದೆ. ಅದರ ಅಂಚಿನಲ್ಲಿ ಶಾಲೆ ಮಾತ್ರ ಬಾಗಿಲು, ಕಿಟಕಿ, ಹೆಂಚುಗಳ ಸಹಿತ ಎದ್ದು ನಿಂತಿದೆ. ಬೇವಿನ ಮರ ಬಯಲಿನ ಮೇಲೆ ಅಡ್ಡಲಾಗಿ ಮಲಗಿದೆ. ನಕ್ಷೆಯೆಂದರೆ ಎಲ್ಲವನ್ನೂ ಮೇಲಿನಿಂದ ನೋಡಿದಂತೆ ಬರೆಯಬೇಕು ಎಂದು ನಾನು ತಿದ್ದಹೊರಟಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಸಾರ್, ನಾವು ಮೇಲಿನಿಂದ ಯಾವಾಗ ನೋಡಿದ್ದೇವೆ?" ಎಂದು ಕೇಳಿದ.

ಪ್ರಶ್ನೆ ನ್ಯಾಯವಾದದ್ದು. ಆ ಹೊತ್ತಿಗೆ ಏನೋ ಹೇಳಿ ಕುಳ್ಳಿರಿಸಿದೆ. ಆದರೆ ಅದಕ್ಕೆ ತಕ್ಕ ಉತ್ತರ ನನಗೆ ದೊರೆತದ್ದು ಬಹುದೂರದ ಅರೇಬಿಯದ ಮರಳುಗಾಡಿನ ಒಂದು ವೃತ್ತಾಂತವನ್ನು ಓದಿದ ಮೇಲೆ. ವಾಚಕ ಮಹಾಶಯರೇ, ಆ ವೃತ್ತಾಂತವನ್ನೇ ಈಗ ನಿಮ್ಮ ಮುಂದಿಡುತ್ತೇನೆ.

ಮರಳುಗಾಡು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅಲೆ ಅಲೆಯಾದ ಮರಳಿನ ದಿಬ್ಬಗಳು. ಆದರೆ ಸಿರಿಯ ದೇಶದ ದಕ್ಷಿಣದಿಂದ ಜೋರ್ಡಾನಿನ ಪೂರ್ವಭಾಗವನ್ನು ಹಾಯ್ದು ಸೌದಿ ಅರೇಬಿಯದ ಉತ್ತರದವರೆಗೆ ಹಬ್ಬಿರುವ ಪ್ರದೇಶದಲ್ಲಿ ಮರಳಿಗಿಂತ ಕಲ್ಲೇ ಹೆಚ್ಚು. ಬಹು ಪೂರ್ವಕಾಲದಲ್ಲಿ ಜ್ವಾಲಾಮುಖಿಗಳಿಂದ ಹರಿದು ಹೆಪ್ಪುಗಟ್ಟಿದ ಲಾವಾರಸ ಒಡೆದು ಕರಿಗಲ್ಲುಗಳಾಗಿ ನೆಲವನ್ನೆಲ್ಲ ಮುಚ್ಚಿದೆ. ಇಂತಹ ಸೀಮೆಗೆ ಅರಬ್ಬರು 'ಹರ್ರಾ' ಎನ್ನುತ್ತಾರೆ. ಒಂಟೆಯ ಕಾಲಿಗೂ ಕಷ್ಟವಾದ ನೆಲ ಅದು. ಅಲ್ಲಿ ಮನುಷ್ಯನು ಮಾಡುವಂತಹದೇನಿದೆ ಎಂದು ಹೊರಗಿನವರು ಬಹುಕಾಲ ಭಾವಿಸಿದ್ದರು.

ಮೊದಲನೆಯ ಮಹಾಯುದ್ಧ ಮುಗಿದ ಬಳಿಕ, 1921ರಲ್ಲಿ, ಬ್ರಿಟಿಷರ ವಾಯುದಳವು ಕೈರೋ ನಗರದಿಂದ ಬಾಗ್ದಾದಿಗೆ ವಿಮಾನದ ಮೂಲಕ ಅಂಚೆಯನ್ನು ಸಾಗಿಸತೊಡಗಿತು. ಗುರುತಿಲ್ಲದ ಆ ಬಯಲಿನಲ್ಲಿ ವಿಮಾನಿಗರು ದಾರಿ ತಪ್ಪದಿರಲೆಂದು ನೆಲದ ಮೇಲೆ ನೇಗಿಲಿನಿಂದ ಸಾಲು ಹೊಡೆಸಿದ್ದರಂತೆ. ಅದನ್ನೇ ನೋಡುತ್ತ ಅವರು ಹಾರಬೇಕು. ಹಾಗೆ ಕೆಳಗೆ ನೋಡುತ್ತ ಹೋದವರ ಕಣ್ಣಿಗೆ ತಾವು ಹೊಡೆಸಿದ ಸಾಲಲ್ಲದೆ ಬೇರೆ ಗೆರೆಗಳೂ ಬಿದ್ದವು. ಕಪ್ಪು ನೆಲದ ಮೇಲೆ ನೂರಾರು ಗಜ, ಕೆಲವೆಡೆ ಮೈಲಿಗಟ್ಟಲೆ ಉದ್ದದ ಕಲ್ಲಿನ ಗೆರೆಗಳು ದೂರದೂರದಿಂದ ಬಂದು, ಹತ್ತಿರ ಹತ್ತಿರವಾಗಿ, ಕೊನೆಯಲ್ಲಿ ನಕ್ಷತ್ರದಂತಹ ಒಂದು ಆವರಣವನ್ನು ಸೇರುತ್ತಿದ್ದವು. ಬಾಲ ಬಿಟ್ಟುಕೊಂಡ ಗಾಳಿಪಟವೊಂದು ನೆಲದ ಮೇಲೆ ಬಿದ್ದಂತಿತ್ತು. ವಿಮಾನಿಗರು ಅವನ್ನು ಗಾಳಿಪಟಗಳೆಂದೇ ಕರೆದರು. ಇಂದಿಗೂ ವಿದ್ವಾಂಸರಲ್ಲಿ ನಿಂತಿರುವುದು ಆ ಹೆಸರೇ.

1927ರಲ್ಲಿ ಮೇಟ್ಲಂಡ್ ಎಂಬ ವಿಮಾನಾಧಿಕಾರಿ 'ಆಂಟಿಕ್ವಿಟಿ' ಎಂಬ ಪುರಾತತ್ತ್ವ ಪತ್ರಿಕೆಯಲ್ಲಿ ಇವುಗಳ ವಿಷಯವನ್ನು ಬರೆದರು. ಆ ಪತ್ರಿಕೆ ಹುಟ್ಟಿದ್ದೂ ಅದೇ ವರ್ಷವೇ. ಎರಡು ವರ್ಷಗಳ ತರುವಾಯ ರೀಸ್ ಎಂಬ ಮತ್ತೊಬ್ಬ ವಾಯುದಳದ ಅಧಿಕಾರಿಯೂ ಬರೆದರು. ಈ ಕಟ್ಟಡಗಳು ಯಾರವು ಎಂದು ಅಲ್ಲಿನ ಬೆದೂವಿನ್ ಜನರನ್ನು ಕೇಳಿದಾಗ ಅವರು ಕೊಟ್ಟ ಉತ್ತರ ಚಿಕ್ಕದು: "ಇವು ಹಿರಿಯರ ಕೆಲಸ." ಮೇಟ್ಲಂಡರು ತಮ್ಮ ಲೇಖನಕ್ಕೆ ಆ ಮಾತನ್ನೇ ತಲೆಬರಹವಾಗಿ ಇಟ್ಟುಕೊಂಡರು. ಆದರೆ ಹಿರಿಯರು ಏತಕ್ಕಾಗಿ ಈ ಕೆಲಸ ಮಾಡಿದರು? ಸೈನಿಕನ ಕಣ್ಣಿಗೆ ಗೋಡೆಯೆಲ್ಲ ಕೋಟೆಯಾಗಿ ಕಾಣುವುದು ಸಹಜ. ಶತ್ರುಗಳಿಂದ ಕಾಪಾಡಿಕೊಳ್ಳಲು ಕಟ್ಟಿದ್ದೆಂದು ಅವರು ಊಹಿಸಿದರು. ದನಕುರಿಗಳನ್ನು ಕೂಡುವ ದೊಡ್ಡಿ ಎಂದು ಮುಂದೆ ಬೇರೆ ಕೆಲವರು ಹೇಳಿದರು. ಗೋಡೆಗಳೋ ಬಹಳ ಗಿಡ್ಡ. ಮನುಷ್ಯನು ಸಲೀಸಾಗಿ ದಾಟಬಹುದು. ಅಂತಹ ಕೋಟೆ ಯಾರನ್ನು ಕಾಪಾಡೀತು?

ಈ ಒಗಟು ಬಿಡುವ ಮುನ್ನ, ಆಕಾಶದ ಕಣ್ಣು ಹೇಗೆ ಹರಿತವಾಯಿತೆಂಬುದನ್ನು ನೋಡೋಣ. ವಿಮಾನದ ಕಾಲ ಹೋಗಿ ಉಪಗ್ರಹದ ಕಾಲ ಬಂದಿತು. 1960ರಿಂದ 1972ರವರೆಗೆ ಅಮೆರಿಕವು 'ಕೊರೋನ' ಎಂಬ ಗುಪ್ತನಾಮದಲ್ಲಿ ಬೇಹಿನ ಉಪಗ್ರಹಗಳನ್ನು ಹಾರಿಸಿತು. ಅವು ತೆಗೆದ ಚಿತ್ರಗಳ ಫಿಲ್ಮ್ ಸುರುಳಿ ಒಂದು ಪೆಟ್ಟಿಗೆಯಲ್ಲಿ ಕೆಳಕ್ಕೆ ಬೀಳುವುದು. ಅದು ಪ್ಯಾರಾಚೂಟಿನಲ್ಲಿ ತೇಲುತ್ತ ಇಳಿಯುತ್ತಿರುವಾಗಲೇ ವಿಮಾನವೊಂದು ಕೊಕ್ಕೆ ಹಾಕಿ ಹಿಡಿದುಕೊಳ್ಳುವುದು! ಕಥೆಯಲ್ಲಿ ಬರೆದರೆ ಯಾರೂ ನಂಬರು. ಶತ್ರುಗಳ ಕ್ಷಿಪಣಿಗಳನ್ನು ಹುಡುಕಲು ತೆಗೆದ ಆ ಎಂಟು ಲಕ್ಷಕ್ಕೂ ಮಿಕ್ಕ ಚಿತ್ರಗಳನ್ನು 1995ರಲ್ಲಿ ಬಹಿರಂಗಪಡಿಸಲು ಆಜ್ಞೆಯಾಯಿತು. ಯುದ್ಧಕ್ಕೆಂದು ತೆಗೆದದ್ದು ಇತಿಹಾಸಕ್ಕೆ ಒದಗಿತು. ಆ ಮೇಲೆ ರಸ್ತೆ, ಕಾಲುವೆ, ಊರುಗಳು ನುಂಗಿಹಾಕಿದ ಎಷ್ಟೋ ಹಳೆಯ ನೆಲೆಗಳು ಆ ಚಿತ್ರಗಳಲ್ಲಿ ಮಾತ್ರ ಉಳಿದುಕೊಂಡಿವೆ. 2005ರಲ್ಲಿ 'ಗೂಗಲ್ ಅರ್ಥ್' ಬಂದ ಮೇಲಂತೂ, ಮನೆಯಲ್ಲಿ ಗಣಕಯಂತ್ರದ ಮುಂದೆ ಕುಳಿತ ಯಾರೇ ಆಗಲಿ, ಭೂಮಂಡಲದ ಯಾವ ಮೂಲೆಯನ್ನಾದರೂ ಮೇಲಿನಿಂದ ನೋಡುವಂತಾಯಿತು.

ಈ ಸೌಕರ್ಯವನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ಆಸ್ಟ್ರೇಲಿಯದ ಡೇವಿಡ್ ಕೆನೆಡಿ ಎಂಬ ಪುರಾತತ್ತ್ವಜ್ಞರು ಒಬ್ಬರು. ಅವರು 1997ರಿಂದ ಜೋರ್ಡಾನಿನ ಮೇಲೆ ಹಾರಾಡಿ ಚಿತ್ರ ತೆಗೆಯುತ್ತ ಬಂದವರು. ನೆರೆಯ ಸೌದಿ ಅರೇಬಿಯದ ಮೇಲೆ ಹಾರಲು ಆಗ ಅನುಕೂಲವಿರಲಿಲ್ಲ. ಆದ್ದರಿಂದ ಉಪಗ್ರಹದ ಚಿತ್ರಗಳನ್ನೇ ಅಂಗುಲ ಅಂಗುಲವಾಗಿ ಶೋಧಿಸಿದರು. ಜೆಡ್ಡಾ ನಗರದ ಕಡೆಯ ಒಂದು ಪ್ರದೇಶದಲ್ಲಿಯೇ 1,977 ಪುರಾತನ ನೆಲೆಗಳಿರಬಹುದೆಂದು 2011ರಲ್ಲಿ ಪ್ರಕಟಿಸಿದರು. ಸೌದಿ ಅರೇಬಿಯದವರೇ ಆದ ಒಬ್ಬ ವೈದ್ಯರೂ ಅವರ ಗೆಳೆಯರೂ ಬಿಡುವಿನ ವೇಳೆಯಲ್ಲಿ ಇದೇ ರೀತಿ ಹುಡುಕುತ್ತ, ಖೈಬರ್ ಪ್ರದೇಶದ ಲಾವಾ ಬಯಲಿನಲ್ಲಿ ವಿಚಿತ್ರ ಆಕೃತಿಗಳನ್ನು ಕಂಡು ಕೆನೆಡಿಯವರಿಗೆ ತಿಳಿಸಿದರು. ಹೊಲದ ಬೇಲಿಗೆ ಹಾಕುವ ತಡಿಕೆಯ ಬಾಗಿಲನ್ನು ನೆಲದ ಮೇಲೆ ಮಲಗಿಸಿದಂತಿದ್ದ ಅಂತಹ ಸುಮಾರು 400 ಕಟ್ಟಡಗಳ ವರದಿ 2017ರಲ್ಲಿ ಹೊರಬಂದಿತು. ಈಗ ಇವುಗಳನ್ನು 'ಮುಸ್ತತೀಲ್' ಎನ್ನುತ್ತಾರೆ. ಅರಬ್ಬಿಯಲ್ಲಿ ಹಾಗೆಂದರೆ ಆಯತ. ಕೆಲವು 600 ಮೀಟರಿಗೂ ಹೆಚ್ಚು ಉದ್ದವಾಗಿವೆ. ಒಂದನ್ನು ಅಗೆದಾಗ ದನಗಳ ತಲೆಬುರುಡೆಗಳೂ ಕೊಂಬುಗಳೂ ಅರ್ಪಿಸಿಟ್ಟಂತೆ ದೊರೆತವು, ಕಾಲ, ಕ್ರಿ. ಪೂ. ಆರನೆಯ ಸಹಸ್ರಮಾನ. ಇಂದು ನೀರಿಲ್ಲದ ಆ ನೆಲದಲ್ಲಿ ಅಂದು ದನ ಮೇಯುತ್ತಿದ್ದವು ಎಂದಾಯಿತು!

ಇಷ್ಟನ್ನು ಕೇಳಿದ ಮೇಲೆ, ಮೇಲಿನಿಂದ ನೋಡಿದರೆ ಸಾಕು, ಸರ್ವವೂ ತಿಳಿಯುತ್ತದೆ ಎಂದು ಕೆಲವರಿಗೆ ತೋರಬಹುದು. ಅವರಿಗೆ ಸಹಾರಾ ಮರಳುಗಾಡಿನ ಒಂದು ಉದಾಹರಣೆಯನ್ನು ಹೇಳಬೇಕು. ಮಾರಿಟೇನಿಯ ದೇಶದಲ್ಲಿ ಸುಮಾರು 40 ಕಿಲೋಮೀಟರು ಅಗಲದ, ಉಂಗುರದೊಳಗೆ ಉಂಗುರವಿಟ್ಟಂತಹ ಒಂದು ಆಕೃತಿಯಿದೆ. ನೆಲದ ಮೇಲೆ ನಡೆಯುವವನಿಗೆ ಅದು ಬರಿಯ ಬೋಳುಗುಡ್ಡಗಳ ಸಾಲು. 1965ರಲ್ಲಿ ಜೆಮಿನಿ ನೌಕೆಯಲ್ಲಿದ್ದ ಗಗನಯಾತ್ರಿಗಳು ಅದರ ಚಿತ್ರ ತೆಗೆದ ಮೇಲೆ ಲೋಕಕ್ಕೆಲ್ಲ ಕುತೂಹಲ ಹುಟ್ಟಿತು. ಉಲ್ಕೆ ಬಿದ್ದು ಆದ ಕುಳಿಯೆಂದರು ಕೆಲವರು. ಮುಳುಗಿದ ಪ್ರಾಚೀನ ನಗರವೆನ್ನುವವರು ಈಗಲೂ ಇದ್ದಾರೆ. ಭೂವಿಜ್ಞಾನಿಗಳು ಅಲ್ಲಿಗೆ ಹೋಗಿ ಕಲ್ಲನ್ನು ಪರೀಕ್ಷಿಸಿದರು. ಬುಗ್ಗೆಯಂತೆ ಉಬ್ಬಿದ ಶಿಲಾಪದರಗಳು ಗಾಳಿ ನೀರುಗಳಿಗೆ ಸಿಕ್ಕಿ ಸವೆದಾಗ, ಗಟ್ಟಿ ಪದರ ಉಳಿದು ಮೆದು ಪದರ ಕರಗಿ ಆದ ಉಂಗುರಗಳವು. ಈರುಳ್ಳಿಯನ್ನು ಅಡ್ಡಲಾಗಿ ಕೊಯ್ದರೆ ಕಾಣುವುದಿಲ್ಲವೆ, ಹಾಗೆ. ಮನುಷ್ಯನ ಕೈಯೂ ಅಲ್ಲಿಲ್ಲ, ಉಲ್ಕೆಯ ಪೆಟ್ಟೂ ಇಲ್ಲ.

ಮೇಲಿನಿಂದ ನೋಡಿದಾಗ ಆಕಾರ ತಿಳಿಯುತ್ತದೆ, ಅಳತೆ ತಿಳಿಯುತ್ತದೆ, ಎಲ್ಲಿದೆಯೆಂಬುದು ತಿಳಿಯುತ್ತದೆ. ಯಾರದು, ಯಾವ ಕಾಲದ್ದು, ಏಕೆ ಎಂಬುದನ್ನು ತಿಳಿಯಲು ಕೆಳಗಿಳಿಯಲೇಬೇಕು. ಶಾಸನವನ್ನು ದೂರದಿಂದ ಕಂಡವನಿಗೆ ಅಕ್ಷರವಿದೆಯೆಂದು ಗೊತ್ತಾಗುತ್ತದೆಯೇ ಹೊರತು ಅದರಲ್ಲಿರುವುದು ದಾನವೋ ಶಾಪವೋ ಗೊತ್ತಾಗದಷ್ಟೆ.

ಈಗ ಗಾಳಿಪಟದ ಒಗಟಿಗೆ ಬರೋಣ. ಸ್ವಾರಸ್ಯವೇನೆಂದರೆ, ಉತ್ತರ ಮೊದಲೇ ಅಚ್ಚಾಗಿತ್ತು. ವಿಮಾನಿಗರಿಗಿಂತ ಸುಮಾರು ನೂರು ವರ್ಷ ಮುಂಚೆ ಆ ಪ್ರಾಂತದಲ್ಲಿ ಸಂಚರಿಸಿದ ಬುರ್ಕ್‌ಹಾರ್ಟ್ ಎಂಬ ಸ್ವಿಸ್ ಪ್ರವಾಸಿ, ಸಿರಿಯದ ಹಳ್ಳಿಗರು ಹುಲ್ಲೆಗಳನ್ನು ಹಿಡಿಯುವ ಕ್ರಮವನ್ನು ವರ್ಣಿಸಿದ್ದನು. ಹುಲ್ಲೆಗಳು ನೀರಿಗೆ ಬರುವ ದಾರಿಯಲ್ಲಿ ಕಲ್ಲುಗೋಡೆಯ ಆವರಣವನ್ನು ಕಟ್ಟುವರು. ಗೋಡೆಯಲ್ಲಿ ಅಲ್ಲಲ್ಲಿ ತಗ್ಗು ಬಿಟ್ಟು ಅದರಾಚೆ ಆಳವಾದ ಗುಂಡಿ ತೋಡುವರು. ಬೆದರಿದ ಹಿಂಡು ಆ ತಗ್ಗಿನಲ್ಲಿ ಹಾರಿ ಗುಂಡಿಗೆ ಬೀಳುವುದು. ಪುಸ್ತಕ ಕಪಾಟಿನಲ್ಲಿತ್ತು, ಗಾಳಿಪಟ ಮರಳುಗಾಡಿನಲ್ಲಿತ್ತು. ಎರಡನ್ನೂ ಜೋಡಿಸಿ, ಎಲ್ಲರೂ ಒಪ್ಪುವಂತೆ ನೆಲದ ಸಾಕ್ಷ್ಯವನ್ನು ಒದಗಿಸುವುದಕ್ಕೆ ಮಾತ್ರ ಬಹುಕಾಲ ಹಿಡಿಯಿತು.

ಗೋಡೆ ಗಿಡ್ಡವಾಗಿರುವುದೇಕೆಂಬುದು ಈಗ ಅರ್ಥವಾಗುತ್ತದೆ. ಬಯಲಿನಲ್ಲಿ ಹಿಂಡಾಗಿ ಸಾಗುವ ಹುಲ್ಲೆ ಎದುರಿಗೆ ಒಂದು ಗೆರೆ ಸಿಕ್ಕರೆ ಅದನ್ನು ದಾಟುವ ಬದಲು ಅದರ ಪಕ್ಕದಲ್ಲೇ ಓಡುತ್ತದೆ. ಎಡಕ್ಕೊಂದು ಗೆರೆ, ಬಲಕ್ಕೊಂದು ಗೆರೆ. ನಡುವಣ ಅಂತರ ಮೊದಲು ಹರದಾರಿಯಷ್ಟು, ಬರಬರುತ್ತ ಓಣಿಯಷ್ಟು. ಕೊನೆಯ ಆವರಣ ಸಾಮಾನ್ಯವಾಗಿ ಒಂದು ದಿಬ್ಬದ ಮರೆಯಲ್ಲಿರುತ್ತದೆ. ಹುಲ್ಲೆಗೆ ಅದು ಕಾಣುವ ಹೊತ್ತಿಗೆ ಹಿಂದಿನಿಂದ ಬೇಟೆಗಾರರು ಬಂದಿರುತ್ತಾರೆ. ನಮ್ಮ ಕಾಕನಕೋಟೆಯ ಖೆಡ್ಡಾವನ್ನು ಕಂಡವರಿಗೆ, ಅಥವಾ ಹಿರಿಯರಿಂದ ಕೇಳಿದವರಿಗೆ, ಈ ಉಪಾಯ ಹೊಸದೆನಿಸದು. 1971ರಲ್ಲಿ ಕೊನೆಗೊಂಡ ಆ ಖೆಡ್ಡಾದಲ್ಲಿಯೂ ಆನೆಗಳನ್ನು ಅಟ್ಟಿಕೊಂಡು ಬಂದು ಕಿರಿದಾದ ಆವರಣಕ್ಕೆ ಸೇರಿಸುತ್ತಿದ್ದರು. ಅಲ್ಲಿ ಹಿಡಿಯುತ್ತಿದ್ದುದು ಪಳಗಿಸಲು, ಇಲ್ಲಿ ಕೊಲ್ಲಲು.

ಇಂತಹ ಗಾಳಿಪಟಗಳು ಇದುವರೆಗೆ 6,000ಕ್ಕೂ ಹೆಚ್ಚು ಗುರುತಾಗಿವೆ. ಅರೇಬಿಯದಲ್ಲಿ ಮಾತ್ರವಲ್ಲ, ಅರ್ಮೇನಿಯದಲ್ಲಿಯೂ, ಆರಲ್ ಸಮುದ್ರದ ಬಳಿಯ ಉಸ್ತ್ಯುರ್ತ್ ಪ್ರಸ್ಥಭೂಮಿಯಲ್ಲಿಯೂ ಇವೆ. ಅಲ್ಲಿನವು ಬಾಣದ ಮೊನೆಯಂತಿವೆ. ಫ್ರಾನ್ಸಿನ ರೆಮಿ ಕ್ರಸಾರ್ ಮೊದಲಾದ ವಿದ್ವಾಂಸರು ಹಲವು ದೇಶಗಳಲ್ಲಿ ಇವನ್ನು ಅಳೆದು, ಅಗೆದು ಪರೀಕ್ಷಿಸಿದರು. ಮೂಲೆಗಳಲ್ಲಿನ ಪುಟ್ಟ ವೃತ್ತಗಳು ಕಾವಲುಗಾರರು ಅಡಗುವ ತಾಣಗಳೆಂದು ಕೆಲವರು ಭಾವಿಸಿದ್ದುಂಟು. ಅಗೆದರೆ ಅವು ಆಳು ಮೀರಿದ ಗುಂಡಿಗಳು! ನೂರಾರು ತಲೆಮಾರುಗಳ ದೂಳು ತುಂಬಿ ಅವು ಮುಚ್ಚಿಹೋಗಿದ್ದವು. ಜೋರ್ಡಾನಿನ ಆಗ್ನೇಯ ಭಾಗದಲ್ಲಿರುವ ಜೆಬೆಲ್ ಅಲ್ ಖಶಾಬಿಯೆ ಎಂಬಲ್ಲಿನ ಗಾಳಿಪಟಗಳ ಕಾಲ ಸುಮಾರು ಕ್ರಿ. ಪೂ. 7000 ಎಂದು ಗೊತ್ತಾಯಿತು. ಮೊದಲ ಪಿರಮಿಡ್ಡಿಗಿಂತ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಾತಿದು. ಬಳಿಯಲ್ಲಿಯೇ ಬೇಟೆಗಾರರ ಬೀಡುಗಳೂ ಹುಲ್ಲೆಯ ಎಲುಬಿನ ರಾಶಿಗಳೂ ಸಿಕ್ಕವು. 2022ರಲ್ಲಿ ಪ್ರಕಟವಾದಂತೆ, ಒಂದು ಬೀಡಿನಲ್ಲಿ ಪೂಜಾಸ್ಥಾನವೇ ದೊರೆತಿದೆ. ಅಲ್ಲಿ ಮನುಷ್ಯನ ಮುಖ ಕೆತ್ತಿದ ಎರಡು ನಿಲುಗಲ್ಲುಗಳಿವೆ. ಎತ್ತರದ ಕಲ್ಲಿನ ಮೈಮೇಲೆ ಗಾಳಿಪಟದ ಆಕೃತಿಯಿದೆ. ಅನ್ನ ಕೊಡುವ ಉಪಕರಣ ದೇವರ ಮೈಗೇರುವುದು ಲೋಕದಲ್ಲಿ ಹೊಸದೇನಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾದೀತು. ಸಿರಿಯದ ಈಶಾನ್ಯ ಭಾಗದ ತೆಲ್ ಕುರಾನ್ ಎಂಬ ದಿಬ್ಬದಲ್ಲಿ ಸುಮಾರು 100 ಹುಲ್ಲೆಗಳ ಎಲುಬುಗಳು ಒಂದೆಡೆ ಸಿಕ್ಕವು. ಮರಿಯೆನ್ನದೆ, ತಾಯಿಯೆನ್ನದೆ ಎಲ್ಲ ವಯಸ್ಸಿನವೂ ಅದರಲ್ಲಿದ್ದವು. ಕಾಲ, ಕ್ರಿ. ಪೂ. ನಾಲ್ಕನೆಯ ಸಹಸ್ರಮಾನದ ಕೊನೆ. ಅಷ್ಟು ಹೊತ್ತಿಗೆ ಅಲ್ಲಿನ ಜನ ಕುರಿಮೇಕೆಗಳನ್ನು ಸಾಕಿಕೊಂಡಿದ್ದರು; ಹಸಿವು ನೀಗಲು ಹುಲ್ಲೆಯೇ ಬೇಕೆಂದಿರಲಿಲ್ಲ. ಆದರೂ ಹಿಂಡಿಗೆ ಹಿಂಡನ್ನೇ ಕೊಂದಿದ್ದಾರೆ. ವರ್ಷ ವರ್ಷವೂ ವಲಸೆ ಬರುತ್ತಿದ್ದ ಹುಲ್ಲೆಗಳು ಆ ಸೀಮೆಯಿಂದ ಕಣ್ಮರೆಯಾಗಲು ಇಂತಹ ಬೇಟೆಯೂ ಒಂದು ಕಾರಣವೆಂದು 2011ರಲ್ಲಿ ವಿದ್ವಾಂಸರು ವಾದಿಸಿದರು. ಬುದ್ಧಿ ಮತ್ತು ಮಿತಿ ಒಟ್ಟಿಗೇ ಬೆಳೆಯುವುದಿಲ್ಲವೆಂಬುದಕ್ಕೆ ಹಳೆಯ ಸಾಕ್ಷಿಯಿದು.

ಇನ್ನು ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಸಂಬಂಧಿಸಿದ ವಿಷಯ. 2015ರಲ್ಲಿ ಖಶಾಬಿಯೆಯ ಒಂದು ಬೀಡಿನಲ್ಲಿ ಶೋಧಕರಿಗೆ ಸುಮಾರು 80 ಸೆಂಟಿಮೀಟರು ಎತ್ತರದ, 92 ಕಿಲೋ ತೂಕದ ಕಲ್ಲೊಂದು ದೊರೆಯಿತು. ಅದರ ಮೇಲೆ ಕಲ್ಲಿನ ಉಳಿಯಿಂದ ಕೊರೆದ ಗೆರೆಗಳಿದ್ದವು. ಎರಡು ಗೆರೆಗಳು ಬಂದು ಒಂದು ನಕ್ಷತ್ರಾಕಾರವನ್ನು ಸೇರುತ್ತವೆ. ಸುತ್ತಲೂ ಎಂಟು ಬಟ್ಟಲಿನಂತಹ ಗುಳಿಗಳು. ಗಾಳಿಪಟ, ಮತ್ತು ಅದರ ಎಂಟು ಗುಂಡಿಗಳು! ಸೌದಿ ಅರೇಬಿಯದ ಜೆಬೆಲ್ ಅಜ಼್ ಜ಼ಿಲ್ಲಿಯಾತ್ ಎಂಬಲ್ಲಿ ನಾಲ್ಕು ಮೀಟರಿಗೆ ತುಸು ಕಡಮೆ ಉದ್ದದ ಬಂಡೆಯೊಂದರ ಮೇಲೆ ಇಂತಹವೇ ಎರಡು ಗಾಳಿಪಟಗಳಿವೆ. ಈ ಕೆತ್ತನೆಗಳನ್ನು ಉಪಗ್ರಹದ ಚಿತ್ರಗಳೊಡನೆ ಗಣಿತಕ್ರಮದಲ್ಲಿ ಹೋಲಿಸಿ ನೋಡಿದಾಗ, ಅವು ಆಸುಪಾಸಿನಲ್ಲಿ ನಿಜವಾಗಿ ಇರುವ ಗಾಳಿಪಟಗಳಿಗೇ ಹೊಂದಿಕೊಂಡವು. ಜೋರ್ಡಾನಿನ ಕಲ್ಲಿನ ಮಾನ ಸುಮಾರು 1ಕ್ಕೆ 425, ಸೌದಿಯ ಬಂಡೆಯದು ಸುಮಾರು 1ಕ್ಕೆ 175. ಎಂದರೆ, ಆ ಕಲ್ಲಿನ ಮೇಲಿನ ಒಂದು ಗೇಣು ನೆಲದ ಮೇಲೆ 425 ಗೇಣು. ಆಕಾರವಷ್ಟೇ ಅಲ್ಲ, ದಿಕ್ಕೂ ಹೆಚ್ಚುಕಡಮೆ ಸರಿಯಾಗಿದೆ. ಈ ಶೋಧ 2023ರಲ್ಲಿ ಪ್ರಕಟವಾಯಿತು.

ಅಳತೆಗೆ ಸರಿಯಾದ ನಕ್ಷೆಯೆಂದರೆ ಮೆಸೊಪೊಟೇಮಿಯದ ಹೆಸರನ್ನು ಹೇಳುವುದು ವಾಡಿಕೆ. ಲಗಾಷ್ ನಗರದ ಗುಡೇಯ ಎಂಬ ಅರಸನು ಕಟ್ಟಡದ ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಶಿಲಾಪ್ರತಿಮೆ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ; ಅದು ಸುಮಾರು ಕ್ರಿ. ಪೂ. 2100ರದು. ಬೇಟೆಗಾರರ ಕಲ್ಲು ಅದಕ್ಕಿಂತ ಸುಮಾರು ಐದು ಸಾವಿರ ವರ್ಷ ಹಳೆಯದು. ಗುಡೇಯನಿಗೆ ಅಕ್ಷರವಿತ್ತು, ಅಳತೆಗೋಲಿತ್ತು, ಶಿಲ್ಪಿಗಳಿದ್ದರು. ಇವರಿಗೆ ಅಕ್ಷರವಿರಲಿಲ್ಲ, ಲೋಹವಿರಲಿಲ್ಲ.

ವಾಚಕರೇ, ಇಲ್ಲೊಂದು ಗಳಿಗೆ ನಿಂತು ಯೋಚಿಸಿರಿ. ಗಾಳಿಪಟದ ಪೂರ್ಣಾಕೃತಿ ನೆಲದ ಮೇಲೆ ನಿಂತವನಿಗೆ ಕಾಣುವುದೇ ಇಲ್ಲ. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ದಿಬ್ಬದಾಚೆ. ಅದರ ಆಕಾರ ಗೊತ್ತಾಗಲು ವಿಮಾನವೇ ಬೇಕಾಯಿತೆಂದು ನಾವು ಹೇಳಿಕೊಂಡೆವು. ಆದರೆ ಅದನ್ನು ಕಟ್ಟಿದವನು ವಿಮಾನವಿಲ್ಲದೆ ಕಂಡಿದ್ದನು. ಆ ಗೋಡೆಗಳ ಬಳಿ ಎಷ್ಟು ಸಲ ನಡೆದಿರಬೇಕು! ಹೆಜ್ಜೆಗಳಲ್ಲಿ ಅಳೆದು, ತಿರುವುಗಳನ್ನು ನೆನಪಿಟ್ಟು, ಮನಸ್ಸಿನಲ್ಲಿ ಮೇಲಕ್ಕೇರಿ, ತನ್ನ ಸೀಮೆಯನ್ನು ತಾನೇ ಕೆಳಗೆ ನೋಡಿ, ಕಂಡದ್ದನ್ನು ಕಲ್ಲಿನ ಮೇಲೆ ಇಳಿಸಿದ್ದಾನೆ. 'ಮೇಘದೂತ'ದ ಕಾಳಿದಾಸನು ಎಂದೂ ಹಾರಿದವನಲ್ಲ. ಆದರೂ ಮೋಡಕ್ಕೆ ನದಿ, ಬೆಟ್ಟ, ನಗರಗಳು ಹೇಗೆ ಕಾಣುವುವೆಂದು ಹೇಳಬಲ್ಲವನಾಗಿದ್ದ. ಅದು ಮಹಾಕವಿಯ ಪ್ರತಿಭೆಯೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಹೆಸರಿಲ್ಲದ ಬೇಟೆಗಾರನಲ್ಲಿಯೂ ಆ ಶಕ್ತಿಯಿತ್ತೆಂದು ಈಗ ಸೇರಿಸಿ ಹೇಳುತ್ತೇನೆ.

ಆ ಕಲ್ಲನ್ನು ಏತಕ್ಕೆ ಕೆತ್ತಿದರು? ಕಟ್ಟುವ ಮೊದಲು ಯೋಜನೆಗಾಗಿಯೋ, ಬೇಟೆಯ ದಿನ ಯಾರು ಎಲ್ಲಿ ನಿಲ್ಲಬೇಕೆಂದು ತೋರಿಸಲೋ, ಮಕ್ಕಳಿಗೆ ಕಲಿಸಲೋ, ಪೂಜೆಗೋ, ವಿದ್ವಾಂಸರಲ್ಲಿ ಅಭಿಪ್ರಾಯಗಳು ಹಲವಿವೆ. ಉಪಾಧ್ಯಾಯನಾದ ನನಗೆ, ಅದರ ಸುತ್ತ ಕುಳಿತ ಹುಡುಗರು ಕಣ್ಣಿಗೆ ಕಟ್ಟುತ್ತಾರೆ. ಇದು ನನ್ನ ಕಲ್ಪನೆ. ಪ್ರಮಾಣವೆಂದು ಯಾರೂ ಭಾವಿಸಬಾರದು.

ಒಂಬತ್ತು ಸಾವಿರ ವರ್ಷ ಉಳಿದ ಈ ಕೆಲಸಗಳು ಈಚೆಗೆ ವೇಗವಾಗಿ ಅಳಿಯುತ್ತಿವೆ. ರಸ್ತೆಗೆ, ಹೊಲಕ್ಕೆ, ಕಟ್ಟಡಕ್ಕೆಂದು ಬುಲ್ಡೋಜ಼ರು ಒಂದು ಬೆಳಗಿನಲ್ಲಿ ಒಂದು ಗಾಳಿಪಟವನ್ನು ಅಳಿಸಿಬಿಡಬಲ್ಲುದು. ಹಳೆಯ ಕೊರೋನ ಚಿತ್ರವನ್ನೂ ಹೊಸ ಉಪಗ್ರಹದ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೋದದ್ದೆಷ್ಟೆಂದು ತಿಳಿಯುತ್ತದೆ. ಆಕ್ಸ್‌ಫರ್ಡ್ ಮೊದಲಾದ ವಿಶ್ವವಿದ್ಯಾನಿಲಯಗಳ ವಿದ್ವಾಂಸರು 2015ರಿಂದ ಈ ರೀತಿ ಲೆಕ್ಕವಿಡುವ ಕಾರ್ಯವನ್ನು ಕೈಗೊಂಡಿದ್ದಾರೆ. ಕಟ್ಟಿದವರನ್ನು ಗೋರಿಯಿಂದ ಎಬ್ಬಿಸಿ ಕೇಳಲಾಗದು. ಕಲ್ಲು ಕದಲದೆ ಇದ್ದರೆ ಮಾತ್ರ ನಮಗೆ ಉತ್ತರ.

ಮತ್ತೆ ಆ ತರಗತಿಗೆ ಹೋಗುವ ಸಂದರ್ಭ ಬಂದಾಗ ಹುಡುಗರಿಗೆ ಇದನ್ನೆಲ್ಲ ಹೇಳಿದೆ. ಬಳಿಕ ಯಾರನ್ನೂ ಮೇಲಕ್ಕೆ ಹತ್ತಿಸದೆ, ಶಾಲೆಯ ಸುತ್ತ ಹೆಜ್ಜೆ ಎಣಿಸುತ್ತ ನಡೆದುಬರಲು ಹೇಳಿದೆ. ಅಂದು ಪ್ರಶ್ನೆ ಕೇಳಿದ್ದ ಹುಡುಗ ಮೇಲಿನ ತರಗತಿಗೆ ಹೋಗಿದ್ದ. ಅವನನ್ನು ಕರೆಸಿ ಹೊಸ ನಕ್ಷೆಗಳನ್ನು ತೋರಿಸಿದೆ. ಎಲ್ಲದರಲ್ಲಿಯೂ ಶಾಲೆ ಚೌಕವಾಗಿತ್ತು, ಬೇವಿನ ಮರ ಒಂದು ದುಂಡು ಗುರುತಾಗಿತ್ತು. ಅವನು ಬಹಳ ಹೊತ್ತು ನೋಡಿ, "ಬಾವಿಯ ಹತ್ತಿರ ಎರಡು ಹೆಜ್ಜೆ ತಪ್ಪಿದೆ, ಸಾರ್" ಎಂದ. ಹೋಗಿ ಅಳೆದೆವು. ಅವನ ಮಾತೇ ಸರಿಯಾಗಿತ್ತು.